ಅಗೆದ ಅಂಗಳವನ್ನು ಮುಚ್ಚುವಾಗ

ನೀರು ಸರಾಗವಾಗಿ ಹರಿಯತೊಡಗಿದರೆ ಸಾಕು, 'ಚರಂಡಿ ಸರಿಯಾಯಿತು' ಎಂದು ನಾವು ನೆಮ್ಮದಿಯ ಉಸಿರು ಬಿಡುತ್ತೇವೆ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅಗೆದ ಜಾಗದ ಮೇಲೆ ಮಕ್ಕಳೂ ವೃದ್ಧರೂ ಅಂಜಿಕೆಯಿಲ್ಲದೆ ನಡೆಯುವಂತಾದಾಗಲೇ ಅದು ಮುಗಿಯುವುದು.

ಕಳೆದ ಬೇಸಿಗೆಯಲ್ಲಿ ನಮ್ಮ ಅಡುಗೆ ಕೋಣೆಯ ಹಿಂದಿನ ಪೈಪು ಒಡೆಯಿತು. ಕೆಲಸದವರು ಅಂಗಳದ ಇಂಟರ್‌ಲಾಕ್ ಕಿತ್ತು ಪೈಪು ಬದಲಾಯಿಸಿದರು. ಅಗೆದ ಮಣ್ಣನ್ನೆಲ್ಲ ಒಮ್ಮೆಲೇ ಗುಂಡಿಗೆ ತಳ್ಳಿ, ಕಾಲಿನಿಂದ ತುಳಿದು, ಕಲ್ಲು ಜೋಡಿಸಿ ಸಂಜೆಗೆ ಹೊರಟುಹೋದರು. ನೋಡಲು ಅಂದವಾಗಿಯೇ ಇತ್ತು. ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ಪೈಪಿನ ಉದ್ದಕ್ಕೂ ನೆಲ ತಗ್ಗಿ ಕಲ್ಲೊಂದರ ಅಂಚು ಮೇಲೆದ್ದಿತು. ಅಸ್ರ್ ನಮಾಝಿಗೆ ವುಝೂ ಮಾಡಲು ನಲ್ಲಿಯತ್ತ ಹೊರಟ ಅತ್ತೆ ಅದಕ್ಕೆ ಎಡವಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಮುರಿದ ಕೈಗಿಂತ, ಇನ್ನೊಬ್ಬರ ಕೈಯಿಂದ ತುತ್ತು ತಿನ್ನಬೇಕಾದದ್ದೇ ಅವರನ್ನು ಹೆಚ್ಚು ನೋಯಿಸಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಒಬ್ಬರೇ ಅಂಗಳಕ್ಕಿಳಿಯಲು ಹೆದರುತ್ತಿದ್ದರು.

ಮಳೆ ನಿಂತ ಮೇಲೆ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. "ತಪ್ಪು ಕಲ್ಲಿನದ್ದಲ್ಲ, ಅದರ ಕೆಳಗಿನ ಮಣ್ಣಿನದ್ದು" ಎಂದರು ಅವರು. ಅಗೆದು ತುಂಬಿದ ಮಣ್ಣು ಸಡಿಲ. ನೀರು ಇಳಿದಾಗ ಅದು ಕುಸಿದು ಕೂರುತ್ತದೆ. ಮೇಲಿನ ಕಲ್ಲನ್ನಷ್ಟೇ ಎತ್ತಿ ಸರಿಪಡಿಸಿದರೆ ಮುಂದಿನ ಮಳೆಗೆ ಮತ್ತದೇ ಪಾಡು.

ಅವರು ಗುಂಡಿಯ ಎರಡೂ ಬದಿಯಲ್ಲಿ ಒಂದೊಂದು ಅಡಿ ಹೆಚ್ಚೇ ಕಲ್ಲು ತೆಗೆದು, ಅಂಟಿದ ಮರಳನ್ನು ಕೆರೆದು ಒಪ್ಪವಾಗಿ ಪೇರಿಸಿಟ್ಟರು. ಸಡಿಲ ಮಣ್ಣನ್ನು ಪೈಪಿನವರೆಗೂ ತೆಗೆದು, ನೀರು ಸುರಿದು, ಜೋಡಣೆಗಳಲ್ಲಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡರು. ಪೈಪಿನ ಸುತ್ತಲೂ ಮೇಲೂ ಮರಳು ತುಂಬಿದರು. ನಂತರ ಕಲ್ಲುಚೂರು ಆರಿಸಿದ ಮಣ್ಣನ್ನು ಅರ್ಧ ಅಡಿಯಂತೆ ಪದರ ಪದರವಾಗಿ ಹಾಕಿ, ತುಸು ತೇವ ಮಾಡಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಿದರು. ಅದರ ಮೇಲೆ ಜಲ್ಲಿ ಮತ್ತು ಜಲ್ಲಿಹುಡಿಯ ಗಟ್ಟಿ ಹಾಸು. ಅದರ ಮೇಲೆ ಒಂದು ಇಂಚಿಗಿಂತ ತುಸು ಹೆಚ್ಚು ಮರಳು. ಅದನ್ನು ನೇರ ಹಲಗೆಯಿಂದ ಎಳೆದು ಸಮ ಮಾಡಿದ ಮೇಲೆ ಯಾರನ್ನೂ ತುಳಿಯಗೊಡಲಿಲ್ಲ.

ಕಲ್ಲುಗಳನ್ನು ಅಕ್ಕಪಕ್ಕದ ನೆಲಕ್ಕಿಂತ ಕೂದಲೆಳೆಯಷ್ಟು ಎತ್ತರಕ್ಕೇ ಜೋಡಿಸಿದರು. ಕಂಪನ ಯಂತ್ರ ಓಡಿಸಿದಾಗ ಅವು ಇಳಿದು ಸಮನಾದವು. ನೀರು ಗೋಡೆಯ ಕಡೆಗೆ ಬಾರದಂತೆ ನಾಲ್ಕೈದು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಬಿಟ್ಟರು. ಕೊನೆಗೆ ಒಣಗಿದ ನುಣುಪು ಮರಳನ್ನು ಸಂದುಗಳಿಗೆ ಗುಡಿಸಿ, ಯಂತ್ರ ಓಡಿಸಿ, ಮತ್ತೊಮ್ಮೆ ಗುಡಿಸಿದರು. ಕಲ್ಲುಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿಡುವುದು ಈ ಮರಳೇ. "ಸಿಮೆಂಟ್ ಸುರಿಯಬಹುದಲ್ಲ?" ಎಂದು ಕೇಳಿದೆ. "ಸುರಿದರೆ ಬಿರುಕು ಬಿಡುತ್ತದೆ, ಮುಂದೆ ಅಗೆಯಬೇಕಾದಾಗ ಕಲ್ಲೂ ಒಡೆಯುತ್ತದೆ" ಎಂದರು. ಎಷ್ಟು ಸಲ ಬೇಕಾದರೂ ತೆಗೆದು ಹಾಕಬಹುದಾದದ್ದೇ ಇಂಟರ್‌ಲಾಕ್‌ನ ಗುಣವಂತೆ. ಈ ಕೆಲಸಕ್ಕೆ ಎರಡು ದಿನ ಹಿಡಿಯಿತು. ಈ ವರ್ಷದ ಮಳೆಗೆ ಅಂಗಳ ಅಲುಗಲಿಲ್ಲ.

ಗಂಡಸರು ಗಲ್ಫ್‌ನಲ್ಲೋ ಅಂಗಡಿಯಲ್ಲೋ ಇರುವಾಗ ಇಂಥ ಕೆಲಸದ ಬಳಿ ನಿಲ್ಲುವವರು ನಾವೇ ತಾನೇ? ಸಹೋದರಿಯರೇ, ಹಾರೆ ಹಿಡಿಯಲು ಬಾರದಿದ್ದರೂ ಪ್ರಶ್ನೆ ಕೇಳಲು ಬರುತ್ತದೆ. ಮಣ್ಣನ್ನು ಪದರವಾಗಿ ತುಂಬುತ್ತೀರಾ? ದಮ್ಮಸ್ಸು ಯಾವುದರಿಂದ? ನೀರು ಯಾವ ಕಡೆಗೆ ಹರಿಯುತ್ತದೆ? ಇವನ್ನು ಕೆಲಸ ಶುರುವಾಗುವ ಮೊದಲೇ ಕೇಳಿ. ಒಂದು ಮಳೆ ಕಳೆಯುವವರೆಗೆ ಕೂಲಿಯ ಸ್ವಲ್ಪ ಭಾಗವನ್ನು ತಡೆಹಿಡಿಯುವುದಾದರೆ ಅದನ್ನೂ ಮೊದಲೇ ಮಾತಾಡಿಕೊಳ್ಳಿ, ದುಡಿದವನಿಗೆ ಅನ್ಯಾಯವಾಗಬಾರದು.

ನೀರಿನ ಸಂಪರ್ಕಕ್ಕೆಂದು ಮನೆ ಮುಂದಿನ ದಾರಿ ಅಗೆಸಿದಾಗಲೂ ಇಷ್ಟೇ ಕಾಳಜಿ ಬೇಕು. ಅಲ್ಲಿ ಎಡವುವವರು ಯಾರದೋ ಅತ್ತೆ, ಯಾರದೋ ಬಸುರಿ ಮಗಳು. ದಾರಿಯಲ್ಲಿರುವ ಮುಳ್ಳನ್ನು ಸರಿಸುವುದನ್ನೂ ಈಮಾನಿನ ಭಾಗವೆಂದು ಕಲಿತವರು ನಾವು. ನಮ್ಮ ಅನುಕೂಲಕ್ಕಾಗಿ ತೋಡಿದ ಗುಂಡಿಯನ್ನು ಅರೆಬರೆ ಮುಚ್ಚಿ ಹೋಗುವುದು ನಮಗೆ ಒಪ್ಪುವ ಮಾತೇ?