ಮಿರಜದಲ್ಲಿ ತಂಬೂರಿ ಆರಿಸಿದ್ದು

ಮಿರಜ ಎಂದರೆ ನಮ್ಮ ಬೆಳಗಾವಿ ಸೀಮೆಯವರಿಗೆ ಮೊದಲು ನೆನಪಾಗುವುದು ಮಿಶನ್ ಆಸ್ಪತ್ರೆ. ಡಾಕ್ಟರ್ ವಾನ್ಲೆಸ್ ಅವರು 1894ರಲ್ಲಿ ಆರಂಭಿಸಿದ್ದು. ನಮ್ಮ ಅಜ್ಜಿಯ ಕಾಲದಲ್ಲಿ "ಮಿರಜಕ್ಕ ಒಯ್ದಾರಂತ" ಎಂದರೆ ಸಾಕು, ಕಾಯಿಲೆ ಕೈಮೀರಿದೆ ಎಂದೇ ಅರ್ಥ. ಹೀಗಾಗಿ ನಾನು ಮಿರಜಕ್ಕೆ ಹೊರಟ ಸುದ್ದಿ ತಿಳಿದು ಪಕ್ಕದ ಮನೆಯ ವೈನಿ ಗಾಬರಿಯಿಂದ ಓಡಿಬಂದರು. "ಯಾರಿಗೇನಾತ್ರೀ?" ಅಂದರು. "ಯಾರಿಗೂ ಏನೂ ಆಗಿಲ್ರೀ, ತಂಬೂರಿ ತರಾಕ ಹೊಂಟೀನಿ" ಅಂದೆ. ಅವರ ಮುಖದ ಮೇಲಿನ ಗಾಬರಿ ಇನ್ನಷ್ಟು ಹೆಚ್ಚಾಯಿತು!

ಹೌದಲ್ಲ, ಐವತ್ತು ದಾಟಿದ ಗೃಹಿಣಿಗೆ ತಂಬೂರಿ ಯಾಕೆ? ಮಕ್ಕಳು ಊರು ಬಿಟ್ಟು ನೌಕರಿಗೆ ಹೋದ ಮೇಲೆ, ಮೂರು ವರ್ಷದ ಹಿಂದೆ ನಾನು ಹಿಂದುಸ್ತಾನಿ ಹಾಡಿಕೆಯ ಕ್ಲಾಸಿಗೆ ಸೇರಿದೆ. ಆಗ ಕೊಂಡದ್ದು ಬುರುಡೆಯಿಲ್ಲದ, ಚಪ್ಪಟೆ ಪೆಟ್ಟಿಗೆಯಂಥ ಸಣ್ಣ ತಂಬೂರಿ. ಪ್ರವಾಸಕ್ಕೆ ಒಯ್ಯಲು ಅದು ಅನುಕೂಲ, ಆರಂಭಕ್ಕೂ ಸಾಕು. ಆದರೆ ಅದರ ತಂತಿ ಮೀಟಿದರೆ ನಾದ ಎದ್ದಷ್ಟೇ ಬೇಗ ಕೂತುಬಿಡುತ್ತದೆ. ಸ್ವರ ಸ್ವಲ್ಪ ಕಿವಿಗೆ ಹತ್ತತೊಡಗಿದ ಮೇಲೆ ನನಗೆ ಅದು ಸಾಲದಾಯಿತು. ನಮ್ಮವರು, "ಫೋನಿನ್ಯಾಗ ಪುಕ್ಕಟೆ ಬರ್ತದಲ್ಲ, ಅದಕ್ಕ್ಯಾಕ ಇಷ್ಟು ರೊಕ್ಕ?" ಎಂದರು. ಫೋನಿನದು ಶ್ರುತಿ ತಪ್ಪುವುದಿಲ್ಲ, ಅದು ನಿಜ. ಆದರೆ ಅದು ನಮ್ಮ ಕಿವಿಗೆ ಶ್ರುತಿ ಕೂಡಿಸುವುದನ್ನು ಕಲಿಸುವುದೂ ಇಲ್ಲ. ನನ್ನ ಭಿಶಿಯ ಹಣ 22 ಸಾವಿರ ಕೈಗೆ ಬಂದಿತ್ತು. ಮನೆಗೆ ಹೊಸ ಫ್ರಿಜ್ಜು ಬರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಹಳೆಯ ಫ್ರಿಜ್ಜು ಇನ್ನೂ ಎರಡು ವರ್ಷ ನಡೆಯುತ್ತದೆ ಎಂದು ನಾನೇ ತೀರ್ಮಾನ ಕೊಟ್ಟೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನಗೊಬ್ಬಳಿಗೇ ಎಂದು ಇಷ್ಟು ದೊಡ್ಡ ಮೊತ್ತ ತೆಗೆದಿಟ್ಟದ್ದು ಇದೇ ಮೊದಲು. ಎದೆ ಡವಗುಟ್ಟುತ್ತಿತ್ತು ಅನ್ನಿ.

ಬೈಲಹೊಂಗಲದಿಂದ ಬೆಳಗಿನ ಬಸ್ಸಿಗೆ ಬೆಳಗಾವಿ, ಅಲ್ಲಿಂದ ರೈಲು. ಮೂರು ತಾಸಿನ ಹಾದಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಕಟ್ಟಿಕೊಂಡಿದ್ದೆ. ಘಟಪ್ರಭಾ, ರಾಯಬಾಗ ದಾಟಿ ಕುಡಚಿ ಬಂದ ಮೇಲೆ ಕೃಷ್ಣೆಯ ಸೇತುವೆ. ಗಾಡಿಯಲ್ಲಿದ್ದ ಹೆಣ್ಣುಮಕ್ಕಳು ಎದ್ದು ಕೈಮುಗಿದು ನಾಣ್ಯ ಎಸೆದರು. ಆಮೇಲೆ ಎರಡೂ ಕಡೆ ಕಬ್ಬೇ ಕಬ್ಬು. ಎಲ್ಲಿ ಕನ್ನಡ ಮುಗಿದು ಮರಾಠಿ ಶುರುವಾಯಿತೋ ಗೊತ್ತೇ ಆಗಲಿಲ್ಲ. ಮಿರಜದ ಸ್ಟೇಷನ್ನಿನಲ್ಲಿ ಚಹಾದವನು ನಮ್ಮ ಜೊತೆ ಕನ್ನಡದಲ್ಲೇ ಮಾತಾಡಿದ.

ಊರೊಳಗೆ ಸಿತಾರಮೇಕರ್ ಗಲ್ಲಿ ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಸಿತಾರಮೇಕರ್ ಎನ್ನುವುದು ಅಲ್ಲಿಯವರ ಮನೆತನದ ಹೆಸರೇ ಆಗಿಬಿಟ್ಟಿದೆ. ಇವರ ಹಿರಿಯರು ಶಿಕಲಗಾರರು, ಅಂದರೆ ಕತ್ತಿ ಕಠಾರಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದವರು. ಇಂಗ್ಲಿಷರ ಕಾಲಕ್ಕೆ ಆಯುಧದ ಬೇಡಿಕೆ ಇಳಿದುಹೋಯಿತು. ಆಗ ಮಿರಜ ಪಟವರ್ಧನರ ಸಂಸ್ಥಾನ, ಹಾಡಿಕೆಯವರಿಗೆ ಅಲ್ಲಿ ಆಶ್ರಯವಿತ್ತು. ಅವರ ವಾದ್ಯಗಳ ರಿಪೇರಿಯಿಂದ ಹಿಡಿದು ಹೊಸ ವಾದ್ಯ ಮಾಡುವವರೆಗೆ ಈ ಕೈಗಳು ಕಲಿತವು. ಫರೀದಸಾಹೇಬರು ಎಂಬವರನ್ನು ಈ ಕಸುಬಿನ ಮೂಲಪುರುಷರೆಂದು ಎಲ್ಲ ಅಂಗಡಿಗಳಲ್ಲೂ ಹೇಳುತ್ತಾರೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಜಿ.ಐ. ಟ್ಯಾಗ್ ಸಿಕ್ಕಿದೆ, ನಮ್ಮ ಮೈಸೂರು ರೇಶ್ಮೆಗೆ ಸಿಕ್ಕಿದೆಯಲ್ಲ, ಹಾಗೆ.

ಒಳಗೆ ಹೋದರೆ ಅಟ್ಟದಿಂದ ನೆಲದವರೆಗೆ ಬುರುಡೆಗಳೇ. ಇದು ಸೋರೆ ಜಾತಿಯದು. ಪಲ್ಯಕ್ಕೆ ಆದೀತೇ ಎಂದು ನಾನು ಕೇಳಿಯೇಬಿಟ್ಟೆ, ಅಭ್ಯಾಸ ಬಿಡಬೇಕಲ್ಲ! ಬಾಯಿಗೆ ಇಡಲಾಗದಷ್ಟು ಕಹಿಯಂತೆ. ಪಂಢರಪುರ, ಮಂಗಳವೇಡೆಯ ಕಡೆ ಭೀಮಾ ತೀರದ ಹೊಲಗಳಲ್ಲಿ ಇದನ್ನು ವಾದ್ಯಕ್ಕೆಂದೇ ಬೆಳೆಯುತ್ತಾರೆ. ಮಂಗಳವೇಡೆ ಎಂದರೆ ಬಿಜ್ಜಳನ ಮಂಗಳವೇಡೆಯೇ, ಬಸವಣ್ಣನವರು ಇದ್ದ ಊರು. ಕಾಯಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಕೊಯ್ದು, ಒಳಗಿನ ತಿರುಳು ತೆಗೆದು, ಮೇಲೆ ತುಣ ಎಂಬ ಹಗುರ ಮರದ ಹಲಗೆ ಕೂಡಿಸುತ್ತಾರೆ. ದಂಡಿಯೂ ಅದೇ ಮರದ್ದು. ಮೈಸೂರು ಕಡೆಯ ಗೆಳತಿಯರು ನೋಡಿರುವ ತಂಜಾವೂರು ತಂಬೂರಿ ಬೇರೆ, ಅದಕ್ಕೆ ಬುರುಡೆ ಇಲ್ಲ, ಹಲಸಿನ ಮರದ ಕೊಡ.

ಅಂಗಡಿಯ ಹಿರಿಯರಿಗೆ ಎಪ್ಪತ್ತರ ಮೇಲಿರಬೇಕು. ನಾನು ಚಾಚಾ ಎಂದೆ, ಅವರು ನನ್ನನ್ನು ತಾಯಿ ಎಂದರು. ನಾನು ಬೆಲೆ ಕೇಳಿದರೆ ಅವರು ಕೇಳಿದ್ದೇ ಬೇರೆ. "ಮೊದಲ ಒಂದು ಸಾ ಹಚ್ಚರಿ ತಾಯಿ."

ನಾಲ್ಕು ಜನರ ಮುಂದೆ, ಅದೂ ಅಂಗಡಿಯಲ್ಲಿ! ನಮ್ಮವರು ಬೇರೆ ಹೊರಗೆ ನಿಂತು ಕಿಟಕಿಯಿಂದ ನೋಡುತ್ತಿದ್ದರು. ಕ್ಲಾಸಿನಲ್ಲಿ ಹುಡುಗಿಯರೇ ಹೆಚ್ಚು, ಆದ್ದರಿಂದ ಪೇಟಿಯ ಕರೀ ಐದರಲ್ಲಿ ಎಲ್ಲರೂ ಕೂಡಿ ಹಾಡುತ್ತೇವೆ. ಅದೇ ಶ್ರುತಿಗೆ ಹಚ್ಚಿದೆ. ಚಾಚಾ ತಲೆ ಅಲ್ಲಾಡಿಸಿ, ಪೇಟಿಯ ಮೇಲೆ ಒಂದೊಂದೇ ಮನೆ ಕೆಳಗಿಳಿದರು. ಕರೀ ನಾಲ್ಕು. ಬಿಳಿ ಮನೆ. ಕರೀ ಮೂರಕ್ಕೆ ಬಂದಾಗ ಗಂಟಲು ತಾನಾಗಿಯೇ ಸಡಿಲಾಯಿತು. ದನಿ ಎದೆಯಿಂದ ಬಂತು. "ಇದು ನಿಮ್ಮ ಮನಿ" ಎಂದರು.

ಹೆಣ್ಣುಮಕ್ಕಳ ದನಿ ವಯಸ್ಸಾದ ಹಾಗೆ ಇಳಿಯುತ್ತದೆ. ಹುಡುಗಿಯರ ಜೊತೆ ಏಗಿ ಏಗಿ ಮೇಲಿನ ಷಡ್ಜಕ್ಕೆ ಕತ್ತಿನ ನರ ಬಿಗಿಯುತ್ತಿದ್ದುದು ಯಾಕೆಂದು ನನಗೆ ಅಲ್ಲಿ ಕೂತಾಗ ತಿಳಿಯಿತು. ಮನಸ್ಸಿಗೆ ಒಂದು ಕ್ಷಣ ಪಿಚ್ಚೆನಿಸಿದ್ದೂ ಸುಳ್ಳಲ್ಲ. ಚಾಚಾ ನನ್ನ ಮುಖ ನೋಡಿ, "ನಿಮ್ಮ ಗಂಗೂಬಾಯಿಯವರ ದನಿ ನೆನಸರಿ" ಎಂದರು. ಗಂಡುದನಿಯಂಥ ತುಂಬುದನಿಯಲ್ಲಿ ದೇಶವನ್ನೆಲ್ಲ ತಲೆದೂಗಿಸಿದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರನ್ನು ನೆನೆದ ಮೇಲೆ ನಾನು ಸುಮ್ಮನಾದೆ.

ಇದು ಬರೀ ಸಮಾಧಾನದ ಮಾತಲ್ಲ, ತಂಬೂರಿ ಆರಿಸುವುದಕ್ಕೆ ಇದೇ ಆಧಾರ. ಹೆಂಗಸರ ತಂಬೂರಿಯ ಬುರುಡೆ ಸಣ್ಣದು, ದಂಡಿ ಗಿಡ್ಡ. ಕರೀ ನಾಲ್ಕು, ಐದಕ್ಕೆ ಅದು ಸರಿ. ಅದನ್ನೇ ಕೆಳಗಿಳಿಸಿದರೆ ತಂತಿ ಸಡಿಲಾಗಿ ನಾದ ಸಾಯುತ್ತದೆ. ಗಂಡಸರ ದೊಡ್ಡ ತಂಬೂರಿಯನ್ನು ಏರಿಸಹೋದರೆ ತಂತಿ ಹರಿಯುತ್ತದೆ. ನನಗೆ ಬೇಕಾದದ್ದು ಎರಡರ ನಡುವಿನ ಅಳತೆ.

ಅಂಥವು ಎರಡು ಇದ್ದವು. ಒಂದರ ಮೈತುಂಬ ಕೆತ್ತನೆ, ಬಳ್ಳಿ, ಎಲೆ, ಬಿಳಿ ಪಟ್ಟಿಯ ಅಲಂಕಾರ. "ಹಾಲಿನ್ಯಾಗ ಇಟ್ಟರ ಛಂದ ಕಾಣ್ತದ" ಎಂದು ಅಷ್ಟರಲ್ಲಿ ಒಳಬಂದಿದ್ದ ನಮ್ಮವರು ಉತ್ಸಾಹದಿಂದಲೇ ಹೇಳಿದರು. ಇನ್ನೊಂದು ಸಾದಾ. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಲು ಹೇಳಿ ನಾನು ಕಣ್ಣುಮುಚ್ಚಿ ಕೂತೆ. ಪಂಚಮ, ಎರಡು ಜೋಡಿ ಷಡ್ಜ, ಕೊನೆಗೆ ಹಿತ್ತಾಳೆಯ ಮಂದ್ರ ಷಡ್ಜ. ಈ ಕೊನೆಯ ತಂತಿಯನ್ನು ಒಂದನ್ನೇ ಮೀಟಿಸಿ ಕೇಳಬೇಕು. ಒಳ್ಳೆಯ ತಂಬೂರಿಯಾದರೆ ಆ ಷಡ್ಜದೊಳಗಿನಿಂದ ಗಾಂಧಾರ ತಾನಾಗಿ ಹೊಮ್ಮುತ್ತದೆ, ಯಾರೂ ಮೀಟದ ಸ್ವರ! ಸಾದಾ ತಂಬೂರಿಯಲ್ಲಿ ಅದು ಒಲೆಯ ಮೇಲಿನ ಹಾಲಿನಂತೆ ಮೆಲ್ಲಗೆ ಉಬ್ಬಿ ಬಂತು. ಕೆತ್ತನೆಯದರಲ್ಲಿ ಬಂದದ್ದು ಮಸುಕು. ಕೆತ್ತನೆಗೆ ನಾಲ್ಕು ಸಾವಿರ ಹೆಚ್ಚು ಕೊಡಬೇಕಿತ್ತು, ಮೇಲಾಗಿ ಅದರ ಸಂದುಗಳ ಧೂಳು ಒರೆಸುವವಳು ನಾನೇ ಅಲ್ಲವೇ? ಸಾದಾ ಇರಲಿ ಎಂದೆ.

ಚಾಚಾ ಅದರ ಮೇಲೂ ನಾನು ನೋಡಲೇಬೇಕಾದದ್ದನ್ನು ತೋರಿಸಿದರು. ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಬಾಗು ಇರಬಾರದು. ಬುರುಡೆಯನ್ನು ಬೆರಳ ಗಂಟಿನಿಂದ ತಟ್ಟಿದರೆ ಎಲ್ಲ ಕಡೆ ಒಂದೇ ಸದ್ದು ಬರಬೇಕು, ಒಡಕು ಇದ್ದರೆ ಗಡಿಗೆಯಂತೆ ತಾನೇ ಹೇಳುತ್ತದೆ. ಬಿರಡೆ ತಿರುಗಿಸಿ ಬಿಟ್ಟರೆ ಅಲ್ಲೇ ನಿಲ್ಲಬೇಕು.

ಆಮೇಲೆ ಜವಾರಿ. ನಮ್ಮ ಕಡೆ ಜವಾರಿ ಎಂದರೆ ಬದನೆಕಾಯಿ, ಸೌತೆಕಾಯಿ. ಇಲ್ಲಿ ಜವಾರಿ ಎಂದರೆ ತಂತಿ ಹಾಯುವ ಕುದುರೆಯ ಬೆನ್ನನ್ನು ಕೂದಲೆಳೆಯಷ್ಟು ಇಳಿಜಾರಾಗಿ ಉಜ್ಜುವುದು. ಆ ಇಳಿಜಾರಿಗೆ ತಂತಿ ಸವರಿಕೊಂಡು ಕಂಪಿಸಿದಾಗಲೇ ಜೇನುಹುಳದ ಝೇಂಕಾರ. ತಂತಿಯ ಕೆಳಗೆ ಒಂದೆಳೆ ನೂಲು ಇಟ್ಟು ಹಿಂದೆ ಮುಂದೆ ಸರಿಸಿ ಅದನ್ನು ತೆರೆಯುತ್ತಾರೆ. ಆನೆದಂತದ ಕುದುರೆಯ ಕಾಲ ಕಾನೂನಿನೊಂದಿಗೆ ಹೋಯಿತು, ಈಗ ಮರ ಇಲ್ಲವೇ ಎಲುಬು. ನನ್ನ ತಂಬೂರಿಗೆ ಹೊಸದಾಗಿ ಜವಾರಿ ತೆಗೆಯಲು ಎರಡು ತಾಸು ಬೇಕೆಂದರು. "ಮಕ್ಕಳು ಪುಣೆಯೊಳಗ ನೌಕರಿ ಮಾಡ್ತಾರ, ಇದು ಅವರ ಕೈಗೆ ಬರಲಿಲ್ಲ" ಎನ್ನುತ್ತ ಅರ ತೆಗೆದುಕೊಂಡರು. ಮುಂದೆ ಮಾತಿಲ್ಲ, ಉಜ್ಜುವುದು, ಕೇಳುವುದು, ಮತ್ತೆ ಉಜ್ಜುವುದು.

ಆ ಹೊತ್ತಿನಲ್ಲಿ ನಾವು ಮೀರಾಸಾಹೇಬರ ದರ್ಗಾಕ್ಕೆ ಹೋಗಿಬಂದೆವು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಇರುವುದು ಇಲ್ಲೇ. 1937ರಲ್ಲಿ ಪಾಂಡಿಚೇರಿಗೆ ಹೊರಟವರು ದಾರಿಯ ಒಂದು ರೈಲು ನಿಲ್ದಾಣದಲ್ಲೇ ಕಣ್ಣುಮುಚ್ಚಿದರು. ದೇಹವನ್ನು ಅಷ್ಟು ದೂರದಿಂದ ಮಿರಜಕ್ಕೆ ತಂದರು. ಅವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿಯವರು, ಭೀಮಸೇನ ಜೋಶಿಯವರು. ಖಾನಸಾಹೇಬರು ವಾದ್ಯಗಳ ರಿಪೇರಿಯನ್ನೂ ಸ್ವತಃ ಬಲ್ಲವರಾಗಿದ್ದರು. ಉರುಸಿನಲ್ಲಿ ಪ್ರತಿ ವರ್ಷ ಅವರ ನೆನಪಿಗೆ ಇಲ್ಲಿ ಸಂಗೀತ ನಡೆಯುತ್ತದೆ. ನಾವು ಹೋದಾಗ ಅಂಗಳದಲ್ಲಿ ಗದ್ದಲವಿರಲಿಲ್ಲ. ನೆರಳಲ್ಲಿ ಬುತ್ತಿ ಬಿಚ್ಚುವ ಯೋಚನೆ ಇತ್ತು, ಬೇಡವೆನಿಸಿ ಹೊರಗೆ ಬಂದು ಉಂಡೆವು.

ಒಟ್ಟು 19 ಸಾವಿರವಾಯಿತು. ಗವಸಣಿಗೆ ಬೇರೆ ದುಡ್ಡು, ಚೌಕಾಸಿಗೆ ಚಾಚಾ ಜಗ್ಗಲಿಲ್ಲ. ಒಂದು ಸೆಟ್ಟು ತಂತಿ, ಒಂದು ಉಂಡೆ ನೂಲು ಮಾತ್ರ ಹಾಗೇ ಕೊಟ್ಟರು.

ನೀವೂ ಎಂದಾದರೂ ತರುವುದಾದರೆ, ರೈಲಿನಲ್ಲಿ ತರುವ ಮೊದಲು ತಂತಿಗಳನ್ನು ಸ್ವಲ್ಪ ಸಡಿಲಿಸಿಕೊಳ್ಳಿ, ಹಳೆಯ ಕೌದಿ ಒಯ್ಯಿರಿ. ಮನೆಯಲ್ಲಿ ಬಿಸಿಲು ಬೀಳುವ ಗೋಡೆಗೂ ಅಡಿಗೆಮನೆಯ ಹಬೆಗೂ ದೂರವಿಡಿ. ಮಳೆಗಾಲದಲ್ಲಿ ಶ್ರುತಿ ಆಗಾಗ ತಪ್ಪುತ್ತದೆ, ಬೇಸರಪಡಬೇಡಿ. ಕೆಲವು ವರ್ಷಕ್ಕೊಮ್ಮೆ ಜವಾರಿ ಮತ್ತೆ ತೆಗೆಸಬೇಕಾಗುತ್ತದೆ, ಆಗ ಕುದುರೆ ಮುಟ್ಟಲು ಬರದವರ ಕೈಗೆ ಕೊಡಬೇಡಿ.

ಸಂಜೆಯ ಗಾಡಿಯಲ್ಲಿ ಕಿಟಕಿಯ ಜಾಗ ನನಗೆ ಸಿಗಲಿಲ್ಲ. ನಮ್ಮವರು ಬುರುಡೆಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ದಂಡಿಯನ್ನು ಹೆಗಲಿಗಾನಿಸಿ ಕಿಟಕಿಯ ಬಳಿ ಕೂತಿದ್ದರು. ರಾಯಬಾಗದಲ್ಲಿ ಹತ್ತಿದ ಅಜ್ಜಿಯೊಬ್ಬಳು "ಯಾರ ಕೂಸಪಾ, ಮಲಗೇತೇನು?" ಎಂದು ಕೇಳಿದಳು. "ಹೂಂ, ಎಬ್ಬಿಸಬ್ಯಾಡ್ರಿ" ಎಂದರು.