ತಗಡಿನ ಗೋಡೆ ಬೆವರಿದಾಗ

ನಮ್ಮ ತೀರ್ಥಹಳ್ಳಿ ಕಡೆ ಈಗ ಹಿತ್ತಿಲಲ್ಲೊಂದು ತಗಡಿನ ಕೋಣೆ ಇಲ್ಲದ ಮನೆ ಕಡಿಮೆ. ಹಿಂದೆ ಅಡಿಕೆ ದಬ್ಬೆ, ಸೋಗೆಗಳಿಂದ ಕಟ್ಟುತ್ತಿದ್ದ ಕಟ್ಟಿಗೆ ಮನೆಯ ಜಾಗದಲ್ಲಿ ಕಬ್ಬಿಣದ ಆಂಗಲ್ ನಿಲ್ಲಿಸಿ, ಜಿಂಕ್ ಶೀಟು ಬಿಗಿದರೆ ಎರಡೇ ದಿನದಲ್ಲಿ ಕೋಣೆ ಸಿದ್ಧ. ನನ್ನದೂ ಅಂಥದೇ. 10 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರ. ಬ್ಯಾಂಕಿನಿಂದ ನಿವೃತ್ತನಾದ ವರ್ಷ ಕಟ್ಟಿಸಿದ್ದು. ತೆಂಗಿನಕಾಯಿ, ಏಣಿ, ಮುರಿದ ಕುರ್ಚಿ ಇಷ್ಟೇ ಇದ್ದಷ್ಟು ದಿನ ಅದರೊಳಗೆ ಏನು ಒದ್ದೆಯಾಯಿತೆಂದು ಯಾರೂ ಕೇಳಲಿಲ್ಲ.

ಕೇಳುವ ಪ್ರಸಂಗ ಬಂದದ್ದು ನನ್ನ ಗೆಳೆಯರೊಬ್ಬರು ತೀರಿಕೊಂಡ ಮೇಲೆ. ಅವರು ಹೈಸ್ಕೂಲು ಮೇಷ್ಟ್ರು. ಮನೆಯ ಜಗುಲಿಯಲ್ಲೇ ಊರಿನ ಮಕ್ಕಳಿಗೆ ಪುಸ್ತಕ ಕೊಡುತ್ತಿದ್ದರು. ಸಾವಿರದ ಮೇಲೆ ಪುಸ್ತಕ, ಹೊಲಿದು ಕಟ್ಟಿದ ಹಳೆಯ ಚಂದಮಾಮಗಳು, ಯಾರು ಯಾವಾಗ ಒಯ್ದರು ಎಂಬ ಮೂರು ರಿಜಿಸ್ಟರು. ಅವರ ಶ್ರೀಮತಿಯವರು ಬೆಂಗಳೂರಿಗೆ ಮಗನ ಮನೆಗೆ ಹೊರಟಿದ್ದರು. ಯುಗಾದಿಯೊಳಗೆ ಮನೆ ಖಾಲಿ ಮಾಡಬೇಕು. ರದ್ದಿಯವನು ಬಂದು ಕಿಲೋ ಲೆಕ್ಕ ಹೇಳಿಯೂ ಹೋಗಿದ್ದ. "ನಿಮ್ಮಲ್ಲಿ ಎಲ್ಲಾದರೂ ಜಾಗ ಉಂಟಾ?" ಎಂದು ಆಕೆ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಈ ತಗಡಿನ ಕೋಣೆ.

ಮರುದಿನ ಬೆಳಿಗ್ಗೆ ಕಾಯಿ ತರಲು ಹೋದ ಮೊಮ್ಮಗಳು ಅಲ್ಲಿಂದಲೇ ಕೂಗಿದಳು: "ಅಜ್ಜಾ, ಮಳೆನೇ ಬಂದಿಲ್ಲ, ಗೋಡೆ ಒಳಗಿನಿಂದ ಒದ್ದೆ ಆಗಿದೆ!" ನೋಡಿದರೆ ನಿಜ. ಶೀಟಿನ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಅದು ಮಾಘ ಮಾಸ, ಆಕಾಶದಲ್ಲಿ ಒಂದು ಮೋಡವಿಲ್ಲ.

ಅವಳಿಗೆ ನಾನು ಲೆಡ್ಜರಿನ ಭಾಷೆಯಲ್ಲೇ ಹೇಳಿದೆ. ಗಾಳಿಗೂ ನೀರಿನ ಖಾತೆ ಇದೆ. 30 ಡಿಗ್ರಿ ಸೆಲ್ಸಿಯಸ್ಸಿನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಇಟ್ಟುಕೊಳ್ಳಬಲ್ಲದು. 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರ. ಹಗಲು ತೇವಾಂಶ ನೂರಕ್ಕೆ 80 ಇದ್ದರೆ ಖಾತೆಯಲ್ಲಿ 24 ಗ್ರಾಂ ಜಮೆ. ರಾತ್ರಿ ತಣಿದಾಗ 7 ಗ್ರಾಂ ಹೊರಬೀಳಲೇಬೇಕು. ನಮ್ಮ ಕೋಣೆ 18 ಘನ ಮೀಟರ್. ಅಂದರೆ ಅರ್ಧ ಲೋಟದಷ್ಟು ನೀರು, ಸಂದಿಗಳಿಂದ ಹೊಸ ಗಾಳಿ ಬರುತ್ತಿದ್ದರೆ ಇನ್ನೂ ಹೆಚ್ಚು. ತಗಡು ತೆಳ್ಳಗಿನದು, ತಿಳಿ ಆಕಾಶದ ರಾತ್ರಿ ಎಲ್ಲಕ್ಕಿಂತ ಮೊದಲು ತಣ್ಣಗಾಗುವುದು ಅದೇ. ಹಾಗಾಗಿ ನೀರು ಕೂರುವುದೂ ಅದರ ಮೇಲೇ. ಐಸ್ ಹಾಕಿದ ಸ್ಟೀಲ್ ಲೋಟ ಮೇಜಿನ ಮೇಲೆ ಬೆವರುತ್ತದಲ್ಲ, ಅದೇ ಇದು. ಇಷ್ಟೆಲ್ಲ ಕೇಳಿ, "ಹಾಗಾದರೆ ಪುಸ್ತಕ ಎಲ್ಲಿ ಇಡೋದು?" ಎಂದಳು. ಅಸಲು ಪ್ರಶ್ನೆ ಅದೇ.

ಮೊದಲು ನೀರು ಇನ್ನೆಲ್ಲಿಂದ ಬರುತ್ತಿದೆ ಎಂದು ನೋಡಿದೆವು. ಸಿಮೆಂಟ್ ನೆಲದ ಮೇಲೆ ಒಂದು ಚದರ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಟ್ಟೆವು. ತೆಗೆದಾಗ ಹಾಳೆಯ ಅಡಿ ಮಸುಕು, ನೆಲ ಕಪ್ಪು. ಅಂದರೆ ಮಣ್ಣಿನ ತೇವ ಮೇಲೇರುತ್ತಿದೆ. ನೀವೂ ನಿಮ್ಮ ಮನೆಯಲ್ಲಿ ಮಾಡಿ ನೋಡಬಹುದು, ಖರ್ಚಿಲ್ಲ. ಆಮೇಲೆ ಪಡುವಣ ಗೋಡೆ. ಅಲ್ಲಿ ಶೀಟು ಅಡಿಪಾಯದ ಕಟ್ಟೆಯ ಮೇಲೆಯೇ ಕುಳಿತಿತ್ತು. ಜಡಿಮಳೆಯ ನೀರು ಶೀಟಿನ ಮೇಲಿಂದ ಇಳಿದು ಕಟ್ಟೆಯ ಮೇಲೆ ನಿಂತು ಒಳಕ್ಕೇ ಬರುತ್ತದೆ. ಶೀಟು ಕಟ್ಟೆಯ ಹೊರಗೆ ಕೆಲವು ಇಂಚು ಇಳಿದಿರಬೇಕು, ಲುಂಗಿ ಮೊಣಕಾಲು ಮುಚ್ಚುವ ಹಾಗೆ. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಪಕ್ಕದಲ್ಲೇ ಇರುವ ನಮಗೆ ಇದು ಸಣ್ಣ ಮಾತಲ್ಲ. ನನ್ನ ಅಪ್ಪ ಮಳೆಗಾಲಕ್ಕೆ ಮೊದಲು ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದದ್ದೂ ಇದಕ್ಕೇ. ಅಡಿಗೆ ಹೊಸ ತಗಡಿನ ಪಟ್ಟಿ ಹೊಡೆಸಿದೆ. ಸ್ಕ್ರೂಗಳ ಕೆಳಗಿನ ಒಣಗಿ ಬಿರಿದ ರಬ್ಬರ್ ವಾಷರುಗಳನ್ನೆಲ್ಲ ಬದಲಿಸಿದೆ.

ಒಳಮೈಗೆ ಏನು? ಅಂಗಡಿಯವನೊಬ್ಬ ಗಾಜಿನ ಹತ್ತಿಯಂಥದ್ದನ್ನು ತೋರಿಸಿದ. ಅದು ಶಾಖ ತಡೆಯುತ್ತದೆ, ಸರಿ. ಆದರೆ ಅದರ ಎಳೆಗಳ ನಡುವೆ ಗಾಳಿ ನುಸುಳಿ ತಗಡು ಮುಟ್ಟಿದರೆ ಅಲ್ಲೇ ಬೆವರಿ, ಹತ್ತಿಯೇ ಒದ್ದೆ ಕಂಬಳಿಯಾಗುತ್ತದೆ. ನಾನು ಆರಿಸಿದ್ದು 10 ಮಿಲಿಮೀಟರ್ ದಪ್ಪದ, ಅಲ್ಯೂಮಿನಿಯಂ ಹಾಳೆ ಅಂಟಿಸಿದ ಫೋಮು. ಅದರೊಳಗಿನ ಗುಳ್ಳೆಗಳು ಒಂದೊಂದೂ ಮುಚ್ಚಿದ ಡಬ್ಬಿ. ನಿಂತ ಗಾಳಿಯ ಮೂಲಕ ಶಾಖ ಹರಿಯುವುದು ಬಹಳ ನಿಧಾನ. ಕಬ್ಬಿಣದಲ್ಲಿ ಅದರ ಸಾವಿರ ಪಟ್ಟಿಗೂ ಹೆಚ್ಚು ಸಲೀಸು. ಶೀಟಿಗೆ ಫೋಮು ಅಂಟಿಸಿ, ಉಬ್ಬುತಗ್ಗಿನಲ್ಲಿ ಉಳಿದ ಸಂದುಗಳ ತುದಿಗೆ ತುಂಡು ತುರುಕಿ, ಜೋಡಣೆಗಳಿಗೆಲ್ಲ ಟೇಪು ಹಾಕಿದೆವು. ಆಂಗಲ್ಲುಗಳಿಗೂ ಹೊದಿಸಿದೆವು. "ಅದಕ್ಕೆ ಯಾಕೆ ಸಾರ್, ಅದು ಗೋಡೆಯಲ್ಲವಲ್ಲ" ಎಂದ ಕೆಲಸದವನು. ತಣ್ಣಗಿನ ಕಬ್ಬಿಣ ಒಂದು ಗೇಣು ಬಯಲಿಗಿದ್ದರೂ ನೀರು ಅಲ್ಲಿಗೇ ಹೋಗುತ್ತದೆ ಮಾರಾಯಾ, ಎಂದೆ. ಫೋಮಿಗೆ ಬೆಂಕಿಯ ಭಯವಿರುವುದರಿಂದ ಮೇಲೆ ಸಿಮೆಂಟ್ ಬೋರ್ಡು. ನೆಲಕ್ಕೆ ದಪ್ಪ ಪ್ಲಾಸ್ಟಿಕ್, ಅದರ ಮೇಲೆ ಹಲಗೆ. ಕಪಾಟುಗಳು ಗೋಡೆಯಿಂದ 4 ಇಂಚು ದೂರ.

ಯುಗಾದಿಗೆ ಮೂರು ದಿನ ಇರುವಾಗ ಪುಸ್ತಕಗಳು ಬಂದವು. ರಿಜಿಸ್ಟರು ತೆರೆದರೆ ನನ್ನ ಮಗಳ ಹೆಸರೂ ಇತ್ತು. ಒಯ್ದ ತಾರೀಖು ಉಂಟು, ತಂದುಕೊಟ್ಟ ತಾರೀಖಿಲ್ಲ. ಮೊಮ್ಮಗಳು ಫೋನು ಮಾಡಿ ಅಮ್ಮನಿಗೆ ದಂಡ ಕೇಳಿದಳು.

ಬೇಸಿಗೆಯಲ್ಲಿ ಗೋಡೆ ಬೆವರಲಿಲ್ಲ, ಮಧ್ಯಾಹ್ನದ ಕಾವೂ ತಗ್ಗಿತು. ಆದರೆ ಫೋಮು ಗಾಳಿಯನ್ನು ಒಣಗಿಸುವುದಿಲ್ಲ. ಆಷಾಢದಲ್ಲಿ ತೇವಾಂಶದ ಮೀಟರು 80 ದಾಟಿತು. 70 ದಾಟಿದರೆ ಬೂಷ್ಟಿಗೆ ಹಬ್ಬ. ನಮ್ಮ ಅಜ್ಜಿ ಬೇಳೆಕಾಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದು ನೆನಪಾಯಿತು. ಕೋಣೆಯ ಮೂಲೆಯಲ್ಲಿ, ಪುಸ್ತಕದಿಂದ ದೂರ, ತಂತಿಯ ಬಲೆಯೊಳಗೆ 60 ವ್ಯಾಟಿನ ಹಳೆಯ ಮಾದರಿಯ ಎರಡು ಬಲ್ಬು ಉರಿಸಿದೆವು. ಎಲ್‌ಇಡಿಯಿಂದ ಪ್ರಯೋಜನವಿಲ್ಲ, ಅದು ಬಿಸಿಯಾಗುವುದೇ ಕಡಿಮೆ. ಗಾಳಿ ಎರಡು ಮೂರು ಡಿಗ್ರಿ ಬೆಚ್ಚಗಾದರೆ ಮೀಟರು 70ರ ಆಚೀಚೆಗೆ ಇಳಿಯುತ್ತದೆ. ಮಳೆಯ ದಿನ ಬಾಗಿಲು ಮುಚ್ಚಿಯೇ ಇರಬೇಕು, ಬಿಸಿಲು ಬಿದ್ದ ಮಧ್ಯಾಹ್ನ ಮಾತ್ರ ತೆರೆಯಬೇಕು. "ಗಾಳಿಯಾಡಲಿ" ಎಂದು ಜಡಿಮಳೆಯಲ್ಲೂ ಬಾಗಿಲು ತೆಗೆಯುವ ನನ್ನ ಹೆಂಡತಿಯೊಂದಿಗೆ ಈ ವಿಷಯದಲ್ಲಿ ಇನ್ನೂ ಒಪ್ಪಂದವಾಗಿಲ್ಲ.

ಮೀಟರು ಓದಿ ಬರೆಯುವ ಕೆಲಸ ಮೊಮ್ಮಗಳದು. ಭಾನುವಾರ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ನಾಲ್ಕನೇ ರಿಜಿಸ್ಟರು ಶುರುವಾಗಿದೆ. ಬಾಗಿಲ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹೊಡೆಯುವುದೊಂದು ಬಾಕಿ. ಬಡಗಿ ದೀಪಾವಳಿ ಕಳೆದ ಮೇಲೆ ಬರುತ್ತೇನೆಂದಿದ್ದಾನೆ.