ಸಿಡುಕಿನ ಮೂಲ

ತುಮಕೂರು ಸೀಮೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಮಳೆಗೆ ಬರವುಂಟು, ಬಿಸಿಲಿಗಿಲ್ಲ. ಆದರೆ ಪುಷ್ಯಮಾಸದ ಚಳಿಯಲ್ಲಿ, ಮಧುಗಿರಿಯ ಏಕಶಿಲಾ ಬೆಟ್ಟವೇ ಮಂಜಿನಲ್ಲಿ ಮರೆಯಾಗಿರುವ ಮುಂಜಾವಿನಲ್ಲಿ, ಗೃಹಿಣಿಯೊಬ್ಬಳು ಸೆಖೆಯೆಂದು ಬೀಸಣಿಗೆ ಹಿಡಿದು ಕುಳಿತರೆ ಮನೆಯವರು ಏನೆಂದಾರು?

ಎರಡಾಳಿನ ಊಟ ಉಂಡರೂ ಆಕೆಯ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಕಾಫಿಯ ಲೋಟ ಹಿಡಿದ ಕೈ ನಡುಗುತ್ತಿತ್ತು. ರಾತ್ರಿ ನಿದ್ರೆಯಿಲ್ಲ, ಎದೆಯಲ್ಲಿ ನಗಾರಿ. ಅತ್ತೆ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದರು. ಪತಿ, “ನಿನಗೆ ಇಲ್ಲದ ಚಿಂತೆ” ಎಂದರು. ಒಂದು ದಿನ ಹಾಲು ಚೆಲ್ಲಿದ ಮಗಳಿಗೆ ಆಕೆ ರಪ್ಪನೆ ಹೊಡೆದಳು. ಅಂದಿನಿಂದ ಮಗು ಅಜ್ಜಿಯ ಮಗ್ಗುಲು ಸೇರಿತು. ತಾನು ಕೆಟ್ಟ ತಾಯಿಯೆಂಬ ಕೊರಗು ರೋಗಕ್ಕಿಂತ ಹೆಚ್ಚಾಗಿ ಆಕೆಯನ್ನು ಸವೆಸಿತು.

ವೈದ್ಯರು ನಾಡಿ ಹಿಡಿದರು. ಬೆರಳು ಚಾಚಿಸಿ ನೋಡಿದರು. ಗುಟುಕು ನೀರು ನುಂಗಿಸಿ ಗಂಟಲನ್ನು ಪರೀಕ್ಷಿಸಿದರು. ಬಳಿಕ ರಕ್ತಪರೀಕ್ಷೆಗೆ ಬರೆದುಕೊಟ್ಟರು.

ಟಿಎಸ್‌ಎಚ್ ಸಾಮಾನ್ಯವಾಗಿ 0.4ರಿಂದ 4ರವರೆಗೆ ಇರತಕ್ಕದ್ದು, ಆಕೆಯದು 0.01ಕ್ಕೂ ಕೆಳಗೆ. “ಕಡಿಮೆಯಿದ್ದರೆ ಒಳ್ಳೆಯದಲ್ಲವೇ ಡಾಕ್ಟರೇ?” ಎಂದರು ಪತಿ. ವೈದ್ಯರು ನಕ್ಕರು. ಟಿಎಸ್‌ಎಚ್ ಎಂಬುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಅಪ್ಪಣೆ. ಹೇಳದೆಯೇ ಹಗಲಿರುಳು ದುಡಿಯುವ ಆಳಿಗೆ ಯಜಮಾನ ಕೂಗಿ ಹೇಳುವುದೇನಿದೆ? ಆತ ಮೌನವಾಗುತ್ತಾನೆ. ಆಕೆಯ ರಕ್ತದಲ್ಲಿ ಟಿ3, ಟಿ4 ಹಾರ್ಮೋನುಗಳು ಮೇರೆ ಮೀರಿದ್ದವು. ಕಾರಣ ತಿಳಿಯಲು ಪ್ರತಿಕಾಯಗಳ ಪರೀಕ್ಷೆಯೂ ನಡೆದು, ಗ್ರೇವ್ಸ್ ಕಾಯಿಲೆಯೆಂದು ನಿಶ್ಚಯವಾಯಿತು. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಪರೀಕ್ಷೆಗಳಲ್ಲಿ ಇಂಥದೇ ಸುಳ್ಳು ಚಿತ್ರ ಕೊಡಬಲ್ಲದು; ವೈದ್ಯರು ಅದನ್ನೂ ಮೊದಲೇ ವಿಚಾರಿಸಿದ್ದರು.

1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ಈ ಬೇನೆಯನ್ನು ವರ್ಣಿಸಿದಾಗ ಕಣ್ಣು, ಕೈಗಳೇ ಅವರ ಸಾಧನ. ರಕ್ತದಲ್ಲಿನ ಲವಲೇಶ ಹಾರ್ಮೋನನ್ನೂ ಅಳೆಯುವ ವಿದ್ಯೆಯನ್ನು 1950ರ ದಶಕದಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ರೂಪಿಸಿದರು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಮಾತ್ರೆಗಳು ಆರಂಭವಾದವು. ಕೆಲವು ವಾರಗಳಿಗೊಮ್ಮೆ ಮತ್ತೆ ರಕ್ತಪರೀಕ್ಷೆ. ಜ್ವರವೋ ಗಂಟಲು ನೋವೋ ಬಂದರೆ ತಕ್ಷಣ ಬರಬೇಕೆಂಬ ಎಚ್ಚರಿಕೆ. ನಿದ್ರೆ ಮರಳಿತು, ಕೈಯ ನಡುಕ ನಿಂತಿತು.

ಅತ್ತೆ ಈಗಲೂ ಒಮ್ಮೊಮ್ಮೆ ದೃಷ್ಟಿ ತೆಗೆಯುತ್ತಾರೆ. ಆದರೆ ಮಾತ್ರೆಯ ಹೊತ್ತನ್ನು ನೆನಪಿಸುವವರೂ ಅವರೇ. ಒಂದು ಸಂಜೆ ಮಗಳು ಮತ್ತೆ ಹಾಲು ಚೆಲ್ಲಿ, ಬೆದರಿ ನಿಂತಳು. ತಾಯಿ ಬಟ್ಟೆ ತಂದು ನೆಲ ಒರೆಸಿದಳು. ಆ ರಾತ್ರಿ ಮಗು ತಾಯಿಯ ಮಗ್ಗುಲಲ್ಲಿ ಮಲಗಿತು.